ಪದಚರ್ಚೆ: ಪರ್ಗೋಲಾ = ಹಂದರವೋ ಚಪ್ಪರವೋ? (ನಾಳೆ ಅಚ್ಚಿಗೆ)

ಹಿತ್ತಲಲ್ಲಿ ಪರ್ಗೋಲಾ (ಕಂಬಗಳ ಮೇಲೆ ಬಳ್ಳಿ ಹಬ್ಬಿಸುವ ತೆರೆದ ಚೌಕಟ್ಟು) ಕಟ್ಟಲು ಸಾಮಗ್ರಿ ಆರಿಸುವ ಬಗ್ಗೆ ಬೆಂಗಳೂರಿನ ನರ್ಸರಿಯೊಂದಕ್ಕೆ ಕೈಪಿಡಿ ಅನುವಾದಿಸುತ್ತಿದ್ದೇನೆ. ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಪೋಸ್ಟ್, ಬೀಮ್, ರಾಫ್ಟರ್‌ಗೆ ಕಂಬ, ತೊಲೆ, ಜಂತೆ ಹಾಕಿದ್ದೇನೆ. ಪರ್ಗೋಲಾ ಮತ್ತು ಪೋಸ್ಟ್ ಶೂ (ಕಂಬದ ಬುಡ ಹಿಡಿಯುವ ಲೋಹದ ಪಾದ) ಉಳಿದಿವೆ. ಸಾಲು ಇದು: "ಮರದ ಕಂಬವನ್ನು ಮಣ್ಣಿಗೆ ಹೂಳಬೇಡಿ, ಕೊಯ್ದ ತುದಿ ನೀರು ಹೀರಿ ಬುಡ ಕೊಳೆಯುತ್ತದೆ, ನೆಲದಿಂದ 150 ಮಿ.ಮೀ. ಎತ್ತರದ ಕಾಂಕ್ರೀಟ್ ಪೀಠದ ಮೇಲೆ ____ದಲ್ಲಿ ಕೂರಿಸಿ."
– ಸು.

ಹಂದರ. ಇದರಲ್ಲಿ ಚರ್ಚೆ ಏನು ಬಂತು? ಹಳಗನ್ನಡದ ಪಂದರ್, ತಮಿಳಿನ ಪಂದಲ್‌ಗೆ ಒಡಹುಟ್ಟು. ಮಲ್ಲಿಗೆ ಹಂದರ ಅನ್ನುವುದು ಬಳ್ಳಿ ಹಬ್ಬುವುದಕ್ಕೇ. ಚಪ್ಪರ ಮದುವೆ ಮನೆ ಮುಂದೆ ಹಾಕಿ ಬಿಚ್ಚುವಂಥದ್ದು. ಶೂಗೆ 'ಅಡಿಹಿಡಿ' ಅನ್ನಿ. ಕಾಂಕ್ರೀಟ್ ಪೀಠವೂ ಬೇಡ, 'ಗಾರೆಗಟ್ಟೆ' ಸಾಕು.
– ಕೆ. ಎನ್.

ಗಾರೆ ಬೇರೆ, ಕಾಂಕ್ರೀಟ್ ಬೇರೆ ಸ್ವಾಮಿ. ಗಾರೆಯಲ್ಲಿ ಜಲ್ಲಿ ಇಲ್ಲ. ನಿಮ್ಮ ಮಾತು ನಂಬಿ ಬರೀ ಸಿಮೆಂಟು-ಮರಳಿನಲ್ಲಿ ಬೋಲ್ಟ್ ಹೂತರೆ ಏಪ್ರಿಲ್-ಮೇ ಗಾಳಿಗೆ ಕಿತ್ತು ಬರುತ್ತದೆ. ಚಪ್ಪರ ಬಿಚ್ಚುವಂಥದ್ದಂತೆ! ದೊಡ್ಡಬಳ್ಳಾಪುರದ ಕಡೆ ದ್ರಾಕ್ಷಿ ಚಪ್ಪರ ನೋಡಿ: ಕಲ್ಲುಕಂಬ, ಮೇಲೆ ಜಿಐ ತಂತಿ, ವರ್ಷಗಟ್ಟಲೆ ಅಲ್ಲಾಡುವುದಿಲ್ಲ. ಬೆಂಗಳೂರಿನ ಓದುಗರಿಗೆ ಚಪ್ಪರವೇ ಸರಿ. ಶೂಗೆ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಬೇಸ್ ಪ್ಲೇಟ್ ಅನ್ನುತ್ತಾರೆ. ಎಸ್.ಪಿ. ರೋಡಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಅಡಿಹಿಡಿ ಕೇಳಿದರೆ ಏನು ಕೊಟ್ಟಾರು?

ಸು. ಅವರೇ, ಪದ ಬಿಡಿ, ಇವು ಕೈಪಿಡಿಯಲ್ಲಿವೆಯೇ? ತೇಗ, ಹೊನ್ನೆ ಬಾಳುತ್ತವೆ; ಸರ್ವೆ ಗಳ ಪೆಂಡಾಲಿಗೆ ಸರಿ, ಹಿತ್ತಲಲ್ಲಿ ಗೆದ್ದಲಿನ ಪಾಲು. ತೇಗಕ್ಕೆ ಸಾದಾ ಕಬ್ಬಿಣದ ಸ್ಕ್ರೂ ಹಾಕಿದರೆ ಸುತ್ತ ಕಪ್ಪು ಕಲೆ, ಸ್ಟೇನ್‌ಲೆಸ್ ಬೇಕು. ಕಬ್ಬಿಣದ ಬಾಕ್ಸ್ ಪೈಪಾದರೆ ತೆರೆದ ತುದಿಗೆಲ್ಲ ಮುಚ್ಚಳ ವೆಲ್ಡ್ ಮಾಡಿಸಬೇಕು. ಇಲ್ಲದಿದ್ದರೆ ಮಳೆನೀರು ಒಳಗೆ ನಿಂತು, ಹೊರಗೆ ಪೇಂಟ್ ಹೊಳೆಯುತ್ತಿರುವಾಗಲೇ ಬುಡ ತೂತು ಬೀಳುತ್ತದೆ.
– ರಾ.

ಕೆ. ಎನ್. ಅವರೇ, ಎರವಲು ಬೇಡವೆಂದರೆ ಕಂಬವನ್ನೂ ಕೈಬಿಡಿ, ಅದು ಸ್ತಂಭದ ತದ್ಭವ. ಕಟ್ಟುವ ಮೇಸ್ತ್ರಿ ಪೋರ್ಚುಗೀಸಿನಿಂದ ಬಂದವನು.
– ಮಂ.

ಕಂಬ ಒಗ್ಗಿ ಶತಮಾನಗಳಾದವು. ನಿನ್ನೆ ಇಟಲಿಯಿಂದ ಇಳಿದ ಪರ್ಗೋಲಾದ ಜೊತೆ ಅದನ್ನು ಕೂರಿಸುವುದು ವಾದವಲ್ಲ, ಹಟ.
– ಕೆ. ಎನ್.

ಶೀರ್ಷಿಕೆಗೆ 'ಬಳ್ಳಿ ಚಪ್ಪರ', ಒಳಗೆ ಒಮ್ಮೆ 'ಹಂದರ', ಶೂಗೆ ಬೇಸ್ ಪ್ಲೇಟ್. ಸ್ಕ್ರೂ, ಮುಚ್ಚಳದ ಮಾತು ಮೂಲದಲ್ಲಿರಲಿಲ್ಲ, ನರ್ಸರಿಯವರನ್ನು ಕೇಳಿ ಸೇರಿಸುತ್ತೇನೆ. ಜಂತೆಗೆ ಯಾರ ತಕರಾರೂ ಇಲ್ಲವಲ್ಲ?
– ಸು.

ಇದೆ. ಜಂತೆ ಮಾಳಿಗೆ ಹೊರುವ ದಪ್ಪ ಮರ. ತೊಲೆಯ ಮೇಲೆ ಅಡ್ಡ ಬರುವ 50×25 ಮಿ.ಮೀ. ಪಟ್ಟಿಗೆ ರೀಪು ಅನ್ನಿ.
– ರಾ.

ರೀಪು ಪೋರ್ಚುಗೀಸಿನ ರಿಪಾ!
– ಕೆ. ಎನ್.