ಶಾಲೆಗೆ ಫೋನ್ ಬೇಡವೆಂದರೆ ಮಗಳು ಮನೆ ಸೇರುವುದು ಹೇಗೆ?

ಪೆರ್ಲದಿಂದ: ನಮ್ಮದು ಕೇರಳದ ಕಾಸರಗೋಡು ಜಿಲ್ಲೆ. ಮಗಳು ಪ್ಲಸ್ ವನ್, ಅಂದರೆ ಹನ್ನೊಂದನೇ ಕ್ಲಾಸ್. ಬ್ಯಾಗಿನಲ್ಲಿ ಫೋನ್ ಸಿಕ್ಕಿದರೆ ಮಾರ್ಚ್‌ವರೆಗೆ ವಾಪಸ್ ಇಲ್ಲ ಎಂದು ಪಿಟಿಎ ಮೀಟಿಂಗಿನಲ್ಲಿ ಹೇಳಿದರು. ಸಂಜೆಯ ಬಸ್ ತಪ್ಪಿದರೆ ಇನ್ನೊಂದಕ್ಕೆ ಒಂದೂವರೆ ಗಂಟೆ ಕಾಯಬೇಕು. ನೀವೆಲ್ಲ ಏನು ಮಾಡಿದಿರಿ?

ಬದಿಯಡ್ಕದ ಅಪ್ಪ: ನಾನು ಕೊಟ್ಟು ಕೆಟ್ಟೆ. ಅಡಿಕೆ ಮಾರಿದ ದುಡ್ಡಿನಲ್ಲಿ 11,500 ರೂಪಾಯಿಯ ಫೋನ್. ಜೂನ್‌ನಲ್ಲಿ ತೆಗೆದದ್ದು, ಜುಲೈಯಲ್ಲಿ ಮಾಷ್ಟ್ರ ಕೈ ಸೇರಿತು. ಎರಡು ಸಲ ಹೋಗಿ ಬೇಡಿದೆ, ಎರಡು ದಿನದ ಕೆಲಸ ಹೋಯಿತು. ಮಾರ್ಚಿನಲ್ಲಿ ಕೈಗೆ ಬಂದಾಗ ಬ್ಯಾಟರಿ ಉಬ್ಬಿ ಡಿಸ್‌ಪ್ಲೇ ಎದ್ದಿತ್ತು. ಬ್ಯಾಟರಿಗೆ 1,400, ಡಿಸ್‌ಪ್ಲೇಗೆ 2,600. ಆದರೂ ಆ ಎಂಟು ತಿಂಗಳು ಹುಡುಗ ರಾತ್ರಿ ಹತ್ತಕ್ಕೆ ಮಲಗಿದ. ನಿಷೇಧ ಬೇಕೇ ಬೇಕು.

ಮುಳ್ಳೇರಿಯದ ಅಮ್ಮ: ನನ್ನ ಮಗಳಿಗೆ ಕೊಟ್ಟದ್ದು 1,350ರ ಬಟನ್ ಫೋನ್. ಅದನ್ನೂ ಕಿತ್ತುಕೊಂಡರು. ಮರುವಾರ ಜೋರು ಮಳೆ, ಮಧ್ಯಾಹ್ನವೇ ಶಾಲೆ ಬಿಟ್ಟರು. ನನಗೆ ಸುದ್ದಿಯೇ ಇಲ್ಲ. ಮೂರು ಗಂಟೆ ಬಸ್‌ಸ್ಟ್ಯಾಂಡಿನಲ್ಲಿ ಒದ್ದೆಯಾಗಿ ನಿಂತಿದ್ದಳು. ಕೊನೆಗೆ ಆಟೋ, 280 ರೂಪಾಯಿ. ಆಮೇಲೆ ನಾಲ್ಕು ದಿನ ಜ್ವರ. ಈಗ ಶಾಲೆ ಹತ್ತಿರದ ಅಂಗಡಿಯಲ್ಲಿ ಫೋನ್ ಇಟ್ಟು ಹೋಗುತ್ತಾಳೆ. ತಿಂಗಳಿಗೆ 100 ಕೊಡುತ್ತೇನೆ.

ಬದಿಯಡ್ಕದ ಅಪ್ಪ: ಕಳ್ಳದಾರಿಯನ್ನು ಮಕ್ಕಳಿಗೆ ನಾವೇ ತೋರಿಸುವುದಾ?

ಮುಳ್ಳೇರಿಯದ ಅಮ್ಮ: ಗೇಟಿನ ಒಳಗೆ ಒಯ್ಯುವುದಿಲ್ಲ ಅಲ್ವಾ, ಮತ್ತೆಂಥ ಕಳ್ಳದಾರಿ? ಆ ಮಳೆಯಲ್ಲಿ ನಿಂತದ್ದು ನಿಮ್ಮ ಮಗ ಅಲ್ಲ.

ಹೊಸಂಗಡಿಯ ಟೀಚರ್: ಕೊರೋನಾದಿಂದ ಶಾಲೆ ಮುಚ್ಚಿ, 2020ರ ಜೂನ್ 1ಕ್ಕೆ ಕೇರಳ ಸರ್ಕಾರದ ವಿಕ್ಟರ್ಸ್ ಚಾನೆಲ್‌ನಲ್ಲಿ ಫಸ್ಟ್ ಬೆಲ್ ಎಂಬ ಆನ್‌ಲೈನ್ ಪಾಠ ಶುರುವಾದಾಗ ಮಕ್ಕಳಿಗೆ ಫೋನ್ ಕೊಡಿಸಿ ಎಂದು ಮನೆಮನೆಗೆ ಹೋದವಳು ನಾನೇ. ಈಗ ಅದನ್ನೇ ಕಿತ್ತುಕೊಳ್ಳುವಾಗ ಸಂಕಟ ಆಗುತ್ತದೆ. ಆದರೆ ಕ್ಲಾಸಿನಲ್ಲಿ ಒಬ್ಬ ಹುಡುಗಿಯ ಫೋಟೊ ತೆಗೆದು ಗ್ರೂಪಿಗೆ ಹಾಕಿದರು. ಅವಳು ಮೂರು ವಾರ ಶಾಲೆಗೇ ಬರಲಿಲ್ಲ. ದಿನವೂ ಅವಳ ಮನೆಗೆ ಹೋಗಿ ಕರೆದಿದ್ದೇನೆ. ಫ್ರಾನ್ಸ್ 2018ರಲ್ಲೇ ಕಾನೂನು ಮಾಡಿ ಶಾಲೆಯಲ್ಲಿ ಫೋನ್ ನಿಲ್ಲಿಸಿತು.

ಕುಂಬಳೆಯ ಹಳೆ ವಿದ್ಯಾರ್ಥಿ: ಟೀಚರೇ, ಫ್ರಾನ್ಸಿನ ಮಾಷ್ಟ್ರಿಗೆ ಫ್ರೆಂಚ್ ಬರುತ್ತದೆ. ಕನ್ನಡ ಮೀಡಿಯಂನ ನಮಗೆ ಹತ್ತನೇ ಕ್ಲಾಸಿನಲ್ಲಿ ಸಿಕ್ಕ ಲೆಕ್ಕದ ಮಾಷ್ಟ್ರಿಗೆ ಕನ್ನಡ ಬರುತ್ತಿರಲಿಲ್ಲ. ಪಾಠ ಪೂರ್ತಿ ಮಲಯಾಳದಲ್ಲಿ. ಬೋರ್ಡಿನ ಫೋಟೊ ತೆಗೆದು ಮನೆಯಲ್ಲಿ ಅಕ್ಕನ ಹತ್ತಿರ ಹೇಳಿಸಿಕೊಳ್ಳುತ್ತಿದ್ದೆ. ಆ ಫೋನನ್ನೂ ತೆಗೆದಿಟ್ಟರು. ಮಾಡೆಲ್ ಪರೀಕ್ಷೆಯಲ್ಲಿ 80ಕ್ಕೆ 19 ಬಂತು.

ಹೊಸಂಗಡಿಯ ಟೀಚರ್: ಅದು ನೇಮಕಾತಿಯ ವಿಷಯ. ಫೋನಿಗೂ ಅದಕ್ಕೂ ಏನು ಸಂಬಂಧ?

ಕುಂಬಳೆಯ ಹಳೆ ವಿದ್ಯಾರ್ಥಿ: ನಿಮಗೆ ಬೇರೆ ವಿಷಯ ಇರಬಹುದು. ನನಗೆ ಒಂದು ವರ್ಷವೇ ಹೋಯಿತು.

ಬದಿಯಡ್ಕದ ಅಪ್ಪ: ನೋಟ್ಸ್ ಬರೆದುಕೊಳ್ಳಲು ಕೈ ಇರಲಿಲ್ವಾ?

ಕುಂಬಳೆಯ ಹಳೆ ವಿದ್ಯಾರ್ಥಿ: ಅರ್ಥವಾಗದ ಭಾಷೆಯಲ್ಲಿ ಹೇಳಿದ್ದನ್ನು ನೀವು ಬರೆದು ತೋರಿಸಿ ಅಣ್ಣ.

ಪೆರ್ಲದಿಂದ: ಮುಳ್ಳೇರಿಯದ ಅಕ್ಕ, ಸ್ಪೆಷಲ್ ಕ್ಲಾಸ್ ಇದ್ದ ದಿನ ಆ ಅಂಗಡಿ ಎಷ್ಟು ಗಂಟೆವರೆಗೆ ತೆರೆದಿರುತ್ತದೆ?