ಕೆಸೆಟ್ ಆಯ್ತು, ಪಿಎಚ್‌ಡಿ ಇಲ್ಲ: ಯೂನಿವರ್ಸಿಟಿ ಫಿಸಿಕ್ಸ್ ವಿಭಾಗಕ್ಕೆ ಅರ್ಜಿ ಹಾಕಲಾ?

ಗುಬ್ಬಿಯಿಂದ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಗುಬ್ಬಿ ಕಡೆಯವಳು, ತುಮಕೂರಲ್ಲೇ ಎಂಎಸ್ಸಿ ಫಿಸಿಕ್ಸ್ ಮಾಡಿದ್ದು. ಬಿಎಸ್ಸಿ 78 ಪರ್ಸೆಂಟ್, ಎಂಎಸ್ಸಿ 72. ಎರಡನೇ ಸಲಕ್ಕೆ ಕೆಸೆಟ್ (ಕಾಲೇಜು ಅಧ್ಯಾಪಕರಾಗಲು ರಾಜ್ಯದ ಅರ್ಹತಾ ಪರೀಕ್ಷೆ) ಪಾಸಾಯ್ತು. ಪಿಎಚ್‌ಡಿ ಇಲ್ಲ, ಪ್ರಕಟವಾದ ಸಂಶೋಧನಾ ಪೇಪರ್ ಒಂದೂ ಇಲ್ಲ. ಒಂದು ಯೂನಿವರ್ಸಿಟಿಯವರು ಫಿಸಿಕ್ಸ್ ವಿಭಾಗಕ್ಕೆ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆ ಕರೆದಿದ್ದಾರೆ. ಅರ್ಹತೆಗೆ ನೆಟ್ (ರಾಷ್ಟ್ರಮಟ್ಟದ ಪರೀಕ್ಷೆ) ಅಥವಾ ಸೆಟ್ (ರಾಜ್ಯದ್ದು, ನಮ್ಮಲ್ಲಿ ಕೆಸೆಟ್) ಸಾಕು ಅಂತಲೇ ಇದೆ. ಅಪ್ಪ "ಹಾಕಮ್ಮ, ಹೋದರೆ ಫೀಸು ತಾನೇ" ಅಂತಾರೆ. ಗೆಳತಿಯರು ಸುಮ್ನೆ ದುಡ್ಡು ದಂಡ ಅಂತಾರೆ. ಅರ್ಜಿ ಹಾಕಲಾ, ಗೆಸ್ಟ್ ಲೆಕ್ಚರರ್ ಆಗಿ ಸೇರಲಾ, ಇಲ್ಲ ಪಿಎಚ್‌ಡಿಗೆ ಹೋಗಲಾ? ಅನುಭವ ಇರುವವರು ಹೇಳಿ.

ಕ್ಯಾತ್ಸಂದ್ರದಿಂದ:

ಮೇಡಂ, ಹಾಕಿ. ಆದರೆ ಲೆಕ್ಕ ತಿಳಿದುಕೊಂಡು ಹಾಕಿ. ಅರ್ಹತೆ ಬೇರೆ, ಇಂಟರ್‌ವ್ಯೂಗೆ ಕರೆ ಬರುವುದು ಬೇರೆ. ಇದು ಗೊತ್ತಿಲ್ಲದೆ ನಾನು ಎರಡು ಕಡೆ ಫೀಸು ಕಟ್ಟಿ ಪೋಸ್ಟ್‌ಮ್ಯಾನ್ ದಾರಿ ಕಾಯ್ತಾ ಕೂತಿದ್ದೆ.

ಯುಜಿಸಿಯ (ಯೂನಿವರ್ಸಿಟಿಗಳಿಗೆ ನಿಯಮ ಮಾಡುವ ಕೇಂದ್ರದ ಆಯೋಗ) 2018ರ ನಿಯಮದಲ್ಲಿ ಶಾರ್ಟ್‌ಲಿಸ್ಟ್ ಮಾಡುವುದಕ್ಕೆ 100 ಅಂಕದ ಪಟ್ಟಿ ಇದೆ. ಯೂನಿವರ್ಸಿಟಿ ಹುದ್ದೆಗೆ ಪದವಿಯಲ್ಲಿ 60ರಿಂದ 80 ಪರ್ಸೆಂಟ್ ಒಳಗಿದ್ದರೆ 13, ಎಂಎಸ್ಸಿಯಲ್ಲಿ ಅಷ್ಟೇ ಇದ್ದರೆ 23, ಸೆಟ್‌ಗೆ 3. ನಿಮ್ಮದು ಒಟ್ಟು 39. ಪಕ್ಕದಲ್ಲಿ ನಿಂತಿರುವವರದ್ದು ನೋಡಿ. ಪಿಎಚ್‌ಡಿಗೆ 30, ನೆಟ್‌ಗೆ 5 (ಜೆಆರ್‌ಎಫ್, ಅಂದರೆ ಸಂಶೋಧನೆಗೆ ತಿಂಗಳ ಫೆಲೋಶಿಪ್ ಕೂಡ ಇದ್ದರೆ 7), ಪೇಪರ್ ಒಂದಕ್ಕೆ 2ರಂತೆ 10ರವರೆಗೆ, ಪಾಠ ಮಾಡಿದ ಅಥವಾ ಪೋಸ್ಟ್‌ಡಾಕ್ (ಪಿಎಚ್‌ಡಿ ಆದ ಮೇಲಿನ ಸಂಶೋಧನೆ) ಮಾಡಿದ ವರ್ಷಕ್ಕೆ 2ರಂತೆ ಇನ್ನೊಂದು 10. ನಿಮ್ಮಷ್ಟೇ ಮಾರ್ಕ್ಸ್ ತೆಗೆದವರು ಪಿಎಚ್‌ಡಿ, ನೆಟ್, ಐದು ಪೇಪರ್, ಐದು ವರ್ಷ ಪಾಠ ತೋರಿಸಿದರೆ 91ಕ್ಕೆ ಹೋಗಿ ನಿಲ್ಲುತ್ತಾರೆ. ಯೂನಿವರ್ಸಿಟಿಗೆ ಪಿಎಚ್‌ಡಿ ಕಡ್ಡಾಯ ಅಂತ ಮಾಡಲು ಹೊರಟಿದ್ದರು, 2023ರಲ್ಲಿ ಅದನ್ನು ಕೈಬಿಟ್ಟು ನೆಟ್ ಅಥವಾ ಸೆಟ್ ಸಾಕು ಅಂದರು, ನಾವೆಲ್ಲ ಸಿಹಿ ಹಂಚಿದೆವು, ಆದರೆ ಆ 30 ಅಂಕ ಇದ್ದಲ್ಲೇ ಇತ್ತು ಅಂತ ಆಮೇಲೆ ಹೊಳೆಯಿತು.

ಇನ್ನೊಂದು, ಕರೆದಿರುವ ಹುದ್ದೆ ನಿಮ್ಮ ಕೆಟಗರಿಗೆ ಇದೆಯಾ ಮೊದಲು ನೋಡಿ. ಒಂದು ವಿಭಾಗದಲ್ಲಿ ಇರುವುದೇ ಎರಡು ಮೂರು ಖಾಲಿ, ಅದರಲ್ಲಿ ರೋಸ್ಟರ್ (ಮೀಸಲಾತಿಯ ಸರದಿ ಪಟ್ಟಿ) ಪ್ರಕಾರ ಯಾವುದು ಯಾರಿಗೆ ಅಂತ ಅಧಿಸೂಚನೆಯ ಕೊನೆಯ ಪುಟದಲ್ಲಿ ಚಿಕ್ಕ ಅಕ್ಷರದಲ್ಲಿ ಹಾಕಿರುತ್ತಾರೆ. ನಾನು ಒಂದು ಸಲ ಅದನ್ನು ನೋಡದೆ ದುಡ್ಡು ಕಳೆದುಕೊಂಡೆ.

ಕರೆ ಬಂದ ಮೇಲೆ ಆ ಅಂಕಗಳಿಗೆ ಬೆಲೆ ಇಲ್ಲ, ಇಂಟರ್‌ವ್ಯೂನಲ್ಲೇ ತೀರ್ಮಾನ. ನನ್ನ ಮೊದಲ ಇಂಟರ್‌ವ್ಯೂ ಹೇಳುತ್ತೇನೆ ಕೇಳಿ. ಪಿಎಚ್‌ಡಿ ಥಿನ್ ಫಿಲ್ಮ್ (ತೆಳು ಪದರ) ಮೇಲೆ, ಹಾಲ್ ಎಫೆಕ್ಟ್ (ಕರೆಂಟಿಗೆ ಅಡ್ಡಲಾಗಿ ಮ್ಯಾಗ್ನೆಟಿಕ್ ಫೀಲ್ಡ್ ಇಟ್ಟರೆ ಎರಡು ಅಂಚುಗಳ ನಡುವೆ ವೋಲ್ಟೇಜ್ ಬರುವುದು) ಅಳತೆಯನ್ನು ನೂರಾರು ಸಲ ಮಾಡಿದ್ದೆ. ಸ್ಲೈಡ್ ತೋರಿಸಲು ಪೆನ್‌ಡ್ರೈವ್ ಹಿಡಿದುಕೊಂಡು ಹೋದರೆ, ಹಿರಿಯರೊಬ್ಬರು ಚಾಕ್‌ಪೀಸ್ ಕೊಟ್ಟು, "ಕರೆಂಟ್ ಹೀಗೆ, ಮ್ಯಾಗ್ನೆಟಿಕ್ ಫೀಲ್ಡ್ ಬೋರ್ಡಿನ ಒಳಕ್ಕೆ. ಎಲೆಕ್ಟ್ರಾನ್ ಯಾವ ಕಡೆ ಹೋಗುತ್ತದೆ, ಹೋಲ್ ಯಾವ ಕಡೆ?" ಅಂದರು. ನಾನು ಎಲೆಕ್ಟ್ರಾನ್ ಮೇಲೆ, ಹೋಲ್ (ಎಲೆಕ್ಟ್ರಾನ್ ಇಲ್ಲದ, ಪಾಸಿಟಿವ್ ಚಾರ್ಜ್ ಹಾಗೆ ವರ್ತಿಸುವ ಜಾಗ) ಕೆಳಗೆ ಅಂತ ಎರಡು ಬಾಣ ಎಳೆದೆ. ಅವರು ನಕ್ಕು, "ಹಾಗಿದ್ರೆ ವೋಲ್ಟೇಜ್ ಚಿಹ್ನೆ ಬದಲಾಗುವುದು ಹೇಗಪ್ಪಾ?" ಅಂದರು. ಆಗ ತಲೆಗೆ ಹತ್ತಿತು. ಚಾರ್ಜ್ ತಿರುಗಿದರೆ ವೇಗದ ದಿಕ್ಕೂ ತಿರುಗುತ್ತದೆ, ಹಾಗಾಗಿ ಎರಡೂ ಒಂದೇ ಕಡೆಗೆ ತಳ್ಳಿಸಿಕೊಳ್ಳುತ್ತವೆ. ಒಂದೇ ಅಂಚಿಗೆ ಹೋಗಿ ಕೂರುವುದರಿಂದಲೇ ಚಿಹ್ನೆ ನೋಡಿ ಇದು ಎಲೆಕ್ಟ್ರಾನೋ ಹೋಲೋ ಅಂತ ಹೇಳಲು ಆಗುವುದು. ಬಾಣ ಒರೆಸಿ ಮತ್ತೆ ಬರೆಯುವಷ್ಟರಲ್ಲಿ ಕೈಯೆಲ್ಲಾ ಬೆವರು, ಚಾಕ್‌ಪೀಸ್ ಜಾರಿ ಬಿತ್ತು. ಕೆಲಸ ಸಿಗಲಿಲ್ಲ. ಮೂರನೇ ಇಂಟರ್‌ವ್ಯೂನಲ್ಲಿ ಸಿಕ್ಕಿದ್ದು, ಅಷ್ಟರಲ್ಲಿ ಬಿಎಸ್ಸಿ ಪುಸ್ತಕಗಳನ್ನು ಎರಡು ಸಲ ಮುಗಿಸಿದ್ದೆ. ಥೀಸಿಸ್ ಬಗ್ಗೆ ಅಲ್ಲಿ ಎರಡೇ ಪ್ರಶ್ನೆ ಕೇಳಿದರು.

ಮಾಲೂರಿನಿಂದ:

ತಂಗಿ, ನಾನು ಏಳು ವರ್ಷದಿಂದ ಡಿಗ್ರಿ ಕಾಲೇಜಲ್ಲಿ ಗೆಸ್ಟ್. ಸೇರಬೇಡ ಅನ್ನುವುದಿಲ್ಲ. ಸರ್ಕಾರಿ ಪದವಿ ಕಾಲೇಜಿನಲ್ಲಿ ಮೊದಲು ತಿಂಗಳಿಗೆ 13,000 ಇತ್ತು, 2022ರಲ್ಲಿ ಅರ್ಹತೆ ಇದ್ದವರಿಗೆ 30,000, ಐದು ವರ್ಷ ದಾಟಿದವರಿಗೆ 32,000 ಮಾಡಿದರು, ಆಮೇಲೆ ಮುಷ್ಕರ ಎಲ್ಲ ಆಗಿ ಇನ್ನೂ ಸ್ವಲ್ಪ ಏರಿದೆ. ಯೂನಿವರ್ಸಿಟಿ ವಿಭಾಗಗಳು ಗೆಸ್ಟ್ ತೆಗೆದುಕೊಳ್ಳುವುದು ಬೇರೆ, ಅವರವರೇ ಕರೆಯುತ್ತಾರೆ. ಸೆಮಿಸ್ಟರ್ ಮಧ್ಯೆ ಸಂಬಳ ಇರುವುದಿಲ್ಲ, ಅದನ್ನು ಮನೆಯಲ್ಲಿ ಮೊದಲೇ ಹೇಳಿಡು.

ನಾನು ಹೇಳಬೇಕಾದ ಮುಖ್ಯ ಮಾತು ಕಾಗದದ್ದು. ಮೊದಲ ಎರಡು ವರ್ಷ ನಾನಿದ್ದ ಖಾಸಗಿ ಕಾಲೇಜಲ್ಲಿ ಆರ್ಡರ್ ಕಾಪಿ ಕೇಳಲೇ ಇಲ್ಲ. ಪ್ರಿನ್ಸಿಪಾಲರು ನಮ್ಮ ಮೇಷ್ಟ್ರೇ, ಕೇಳಲು ಸಂಕೋಚ. ಆಮೇಲೆ ಅವರು ರಿಟೈರ್ ಆದರು, ಹೊಸಬರಿಗೆ ನಾನು ಯಾರು ಅಂತಲೇ ಗೊತ್ತಿಲ್ಲ. ಸಂಬಳ ಕೈಗೆ ಕವರಲ್ಲಿ ಕೊಟ್ಟಿದ್ದು, ಬ್ಯಾಂಕ್ ಪುರಾವೆ ಇಲ್ಲ. ವಾರಕ್ಕೆ 16 ಗಂಟೆ ಪಾಠ, ಜೊತೆಗೆ ಸೋಡಿಯಂ ಲ್ಯಾಂಪ್ ಬಿಸಿ ಆಗುವವರೆಗೂ ಕಾದು ನ್ಯೂಟನ್ಸ್ ರಿಂಗ್ಸ್ ಪ್ರಯೋಗ ಮಾಡಿಸಿದ ಆ ಎರಡು ವರ್ಷಕ್ಕೆ ಸಿಗಬೇಕಿದ್ದ 4 ಅಂಕ ನನ್ನ ಅರ್ಜಿಯಲ್ಲಿ ಸೊನ್ನೆ. ವರ್ಷಕ್ಕಿಂತ ಕಡಿಮೆ ಇದ್ದರೆ ಆ ಪ್ರಮಾಣದಲ್ಲೇ ಅಂಕ ಕೊಡುತ್ತಾರೆ. ಅದಕ್ಕೇ ಸೇರಿದ ತಾರೀಕು, ಬಿಟ್ಟ ತಾರೀಕು ಎರಡೂ ಬರೆಸಿಕೋ.

ಗೌರಿಬಿದನೂರಿನಿಂದ:

ನಾನು ಈ ಸಾಲಿನಿಂದ ಎದ್ದು ಬಂದವನು. ಪಿಯುಗೆ ಹೋದೆ, ನೀಟ್ ಮಕ್ಕಳಿಗೆ ಪಾಠ. ಸಂಬಳ ಗೆಸ್ಟ್‌ಗಿಂತ ಜಾಸ್ತಿ, ಭಾನುವಾರವೂ ಟೆಸ್ಟ್. ಸರ್ಕಾರಿ ಪಿಯು ಹುದ್ದೆ ಬೇಕು ಅಂದರೆ ಬಿಎಡ್ ಬೇಕು, ಮರೆಯಬೇಡಿ. ಮತ್ತೆ ಸರ್ಕಾರಿ ಪದವಿ ಕಾಲೇಜಿನದು ಬೇರೆ ದಾರಿ, ಅಲ್ಲಿ ಕೆಇಎ (ರಾಜ್ಯದ ಪರೀಕ್ಷಾ ಪ್ರಾಧಿಕಾರ) ಪರೀಕ್ಷೆ ಬರೆಸುತ್ತದೆ. 2021ರಲ್ಲಿ ಎಲ್ಲ ವಿಷಯ ಸೇರಿ 1,242 ಹುದ್ದೆ ಕರೆದಿದ್ದರು. ಪೇಪರ್, ಪಿಎಚ್‌ಡಿ ಇಲ್ಲದವರಿಗೆ ನನ್ನ ಪ್ರಕಾರ ಅದೇ ಒಳ್ಳೆಯ ಬಾಗಿಲು. ಯಾವಾಗ ತೆರೆಯುತ್ತದೆ ಅನ್ನುವುದೊಂದೇ ಕಷ್ಟ.

ಬಂಗಾರಪೇಟೆಯಿಂದ:

ಪಿಎಚ್‌ಡಿಗೆ ಹೋಗಿ, ಆದರೆ ಫೆಲೋಶಿಪ್ ಇಲ್ಲದೆ ಹೋಗಬೇಡಿ. ನಾನು ಒಂದು ವರ್ಷ ಸ್ವಂತ ದುಡ್ಡಲ್ಲಿ ಬಸ್ ಪಾಸ್ ಮಾಡಿಸಿಕೊಂಡು ಓಡಾಡಿ, ಗೈಡ್ ಸಿಗದೆ ಬಿಟ್ಟೆ. ಆಮೇಲೆ ಸಿಎಸ್‌ಐಆರ್ ನೆಟ್ (ವಿಜ್ಞಾನ ವಿಷಯಗಳ ನೆಟ್) ಬರೆದು ಜೆಆರ್‌ಎಫ್ ಬಂತು. 2023ರಿಂದ ಅದು ತಿಂಗಳಿಗೆ 37,000, ಗೆಸ್ಟ್ ಆಗಿ ತೆಗೆದುಕೊಳ್ಳುವುದಕ್ಕಿಂತ ಕಡಿಮೆ ಏನಿಲ್ಲ. ಕೆಸೆಟ್ ಪಾಸಾದ ತಲೆಗೆ ಇದು ಆಗದ ಕೆಲಸ ಅಲ್ಲ, ಆದರೆ ಇಲ್ಲಿ ತಪ್ಪಿಗೆ ಕಾಲು ಭಾಗ ಅಂಕ ಕಟ್, ಕೆಸೆಟ್‌ನಲ್ಲಿ ಅದು ಇಲ್ಲ. ಸಿ ಭಾಗದಲ್ಲಿ 30 ಪ್ರಶ್ನೆ ಕೊಟ್ಟು 20 ಬರೆಯಲು ಹೇಳುತ್ತಾರೆ, ಒಂದಕ್ಕೆ 5 ಅಂಕ. ಎಲ್ಲಕ್ಕೂ ಕೈ ಹಾಕಿದರೆ ಕೆಟ್ಟಿರಿ.

ಅಂದ ಹಾಗೆ ಫೆಲೋಶಿಪ್ ಇಂಟರ್‌ವ್ಯೂನಲ್ಲಿ ನನ್ನ ಊರು ನೋಡಿ, "ಕೆಜಿಎಫ್ ಪಕ್ಕದವರು, ಗಣಿಯಲ್ಲಿ ಚಿನ್ನ ಬಿಟ್ಟು ಇನ್ನೇನು ಸಿಕ್ಕಿತು ಹೇಳಿ" ಅಂದರು. ತಾತ ಅಲ್ಲೇ ಕೆಲಸ ಮಾಡಿದವರು, ಆದರೂ ನಾನು ಪಿಳಿಪಿಳಿ ಕಣ್ಣು ಬಿಟ್ಟೆ. 1965ರಲ್ಲಿ ಎರಡು ಕಿಲೋಮೀಟರಿಗೂ ಆಳದಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಅನ್ನುವ ಕಣದ ಗುರುತು ಹಿಡಿದದ್ದು ಅಲ್ಲೇ, ಟಾಟಾ ಸಂಶೋಧನಾ ಸಂಸ್ಥೆಯವರು ಜಪಾನ್, ಇಂಗ್ಲೆಂಡ್‌ನವರ ಜೊತೆ ಸೇರಿ ಮಾಡಿದ್ದು. ಮೇಲಿನ ಅಷ್ಟು ಕಲ್ಲು ಬೇರೆ ಕಣಗಳನ್ನು ತಡೆಯುತ್ತದೆ ಅಂತ ಅಷ್ಟು ಕೆಳಗೆ ಇಳಿದಿದ್ದು. ಊರಿನ ಫಿಸಿಕ್ಸ್ ಕೇಳುತ್ತಾರೆ, ಓದಿಕೊಂಡು ಹೋಗಿ.

ಗುಬ್ಬಿಯಿಂದ:

ಎಲ್ಲರಿಗೂ ಥ್ಯಾಂಕ್ಸ್. ಕ್ಯಾತ್ಸಂದ್ರದ ಸರ್, 39 ನೋಡಿ ಅಪ್ಪನೂ ಸುಮ್ಮನಾದರು. ಈ ಸಲ ಫೀಸು ಉಳಿಸಿ ಸಿಎಸ್‌ಐಆರ್‌ಗೆ ಕಟ್ಟುತ್ತೇನೆ. ಮಾಲೂರಿನ ಅಕ್ಕ, ಒಂದು ವಿಷಯ ಹೇಳಿರಲಿಲ್ಲ. ಎಂಎಸ್ಸಿ ಮುಗಿದ ಕೂಡಲೇ ಒಂದು ಕಾಲೇಜಲ್ಲಿ ಐದು ತಿಂಗಳು ಪಾಠ ಮಾಡಿದ್ದೆ, ನನ್ನ ಹತ್ತಿರವೂ ಕಾಗದ ಇಲ್ಲ. ಈಗ ಕೇಳಿದರೆ ಕೊಡುತ್ತಾರಾ?

ಮಾಲೂರಿನಿಂದ:

ನಾಳೆಯೇ ಹೋಗು. ಐದು ತಿಂಗಳಿಗೆ ಒಂದು ಅಂಕವೂ ತುಂಬುವುದಿಲ್ಲ, ಆದರೂ ಹೋಗು. ಅಟೆಂಡೆನ್ಸ್ ರಿಜಿಸ್ಟರಲ್ಲಿ ನಿನ್ನ ಸಹಿ ಇರುವ ಪುಟದ ಫೋಟೊ ತೆಗೆದುಕೋ, ಸರ್ಟಿಫಿಕೇಟ್ ನೀನೇ ಟೈಪ್ ಮಾಡಿಸಿಕೊಂಡು ಹೋಗು, ಅವರು ಓದಿ ಸಹಿ ಹಾಕಿದರೆ ಸಾಕು ಅನ್ನುವ ಹಾಗಿರಬೇಕು. ಬೆಳಗ್ಗೆ ಬೇಡ, ಅಡ್ಮಿಷನ್ ಗಲಾಟೆ. ಮೂರು ಗಂಟೆ ಮೇಲೆ ಹೋಗು, ಆಗ ಸೀಲು ಇಟ್ಟುಕೊಂಡಿರುವ ಕ್ಲರ್ಕ್ ಕೂಡ ಸೀಟಲ್ಲಿ ಇರುತ್ತಾರೆ.