ಅಪ್‌ಡೇಟ್: ಮನೆ ವೈರಿಂಗ್ ಕೆಲಸಕ್ಕೆ ವೈರ್‌ಮ್ಯಾನ್ ಪರ್ಮಿಟ್ಟೋ, ಕಂಟ್ರ್ಯಾಕ್ಟರ್ ಲೈಸೆನ್ಸೋ?

ಹೋದ ವಾರ ಕೇಳಿದ್ದೆನಲ್ಲ, ತಮ್ಮ ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿದ್ದಾನೆ, ದಾವಣಗೆರೆಯಲ್ಲಿ ಮನೆ ವೈರಿಂಗ್ ಮಾಡೋಕೆ ಯಾವ ಸರ್ಟಿಫಿಕೇಟ್ ಬೇಕು ಅಂತ. ಕೊನೆಗೂ ದಾರಿ ಸಿಕ್ಕಿತು.

ಮೊದಲು ವೈರ್‌ಮ್ಯಾನ್ ಪರ್ಮಿಟ್ (ವೈರಿಂಗ್ ಕೆಲಸ ಕೈಯಾರೆ ಮಾಡೋಕೆ ಸರ್ಕಾರ ಕೊಡುವ ಅನುಮತಿ) ಮಾಡಿಸಿ, ಲೈಸೆನ್ಸ್ ಇರುವ ಕಂಟ್ರ್ಯಾಕ್ಟರ್ ಹತ್ತಿರ ಕೆಲಸಕ್ಕೆ ಸೇರಿಸಿ ಅಂದವರ ಮಾತೇ ಸರಿಹೋಯಿತು. ತುಂಬಾ ಥ್ಯಾಂಕ್ಸ್. ಅರ್ಜಿ ಹಾಕಿದ್ದಾಯಿತು, ಪರಿಚಯದ ಕಂಟ್ರ್ಯಾಕ್ಟರ್ ಒಬ್ಬರು ಸದ್ಯಕ್ಕೆ ಜೊತೆಗೆ ಕರೆದುಕೊಂಡು ಹೋಗುತ್ತಿದ್ದಾರೆ. ಐಟಿಐ ಒಂದಿದ್ರೆ ಸಾಕು ಅನ್ನೋದು ನಡೆಯಲಿಲ್ಲ. ನೇರವಾಗಿ ಕಂಟ್ರ್ಯಾಕ್ಟರ್ ಲೈಸೆನ್ಸ್‌ಗೆ ಹೋಗೋದೂ ಅವನಿಗೆ ಈಗಲೇ ಆಗುವ ಮಾತಲ್ಲ.

ನನಗೆ ಗೊತ್ತೇ ಇರದ ವಿಷಯ ಒಂದಿದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮದ ಪ್ರಕಾರ, ಮನೆಯಲ್ಲಿ ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಹಳೆಯದು ತೆಗೆದು ಅಂಥದ್ದೇ ಹೊಸದು ಹಾಕೋದಕ್ಕೆ ಲೈಸೆನ್ಸ್ ಬೇಡ, ಆದರೆ ಹೊಸ ಪಾಯಿಂಟ್ ಎಳೆಯೋದು, ವೈರಿಂಗ್ ಬದಲಾಯಿಸೋದು ಅಂದ್ರೆ ಲೈಸೆನ್ಸ್ ಇರುವ ಕಂಟ್ರ್ಯಾಕ್ಟರ್, ಮೇಲೆ ನಿಂತು ನೋಡೋಕೆ ಅರ್ಹತಾ ಪತ್ರ ಇರುವ ಸೂಪರ್‌ವೈಸರ್, ಕೈಯಲ್ಲಿ ಕೆಲಸ ಮಾಡೋಕೆ ಪರ್ಮಿಟ್ ಇರುವವರು, ಮೂವರೂ ಬೇಕು.

ಅದು ಯಾಕೆ ಅಂತ ಮೊನ್ನೆ ಒಂದು ಹಳೇ ಮನೆಯಲ್ಲಿ ಅರ್ಥ ಆಯಿತು. ಗೀಸರ್ ಸಾಕೆಟ್ ಬಿಚ್ಚಿದ್ರೆ ಹಸಿರು ಅರ್ಥಿಂಗ್ ವೈರನ್ನ, ಅಂದ್ರೆ ಕರೆಂಟ್ ಸೋರಿದರೆ ಶಾಕ್ ಹೊಡೆಯದಂತೆ ನೆಲಕ್ಕೆ ಸಾಗಿಸೋ ವೈರನ್ನ, ಮಡಚಿ, ಟೇಪ್ ಸುತ್ತಿ, ಗೋಡೆಯೊಳಗೆ ತುರುಕಿದ್ದರು. ಆ ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ತಮ್ಮ ಅವತ್ತೇ ಅದನ್ನ ಕಂಟ್ರ್ಯಾಕ್ಟರ್‌ಗೆ ತೋರಿಸಿದ, ಅವರು ನಿಂತು ಸರಿಮಾಡಿಸಿದರು.